‘ಅಂದ ನಾಳ್’ ತೋರಿಸುವುದಾದರೆ ಹಿಗ್ಗಿಸಿ ತೋರಿಸಬೇಡಿ

ಮಾನ್ಯ ಸಂಪಾದಕರೇ,

ಮುಂಬಯಿಯ ಕನ್ನಡ ಸಂಘಗಳು ಭಾನುವಾರದ ಸಂಜೆ ದಕ್ಷಿಣದ ಹಳೆಯ ಚಿತ್ರಗಳನ್ನೂ ತೋರಿಸಲಿ ಎಂದು ನಿಮ್ಮ ಸಿನಿಮಾ ಪುಟದಲ್ಲಿ ಬಂದ ಸಲಹೆ ಒಳ್ಳೆಯದೇ. ಅಲ್ಲಿ ಮೊದಲಿಗೆ ಹೆಸರಿಸಿದ್ದು 1954ರ ತಮಿಳು ಚಿತ್ರ ‘ಅಂದ ನಾಳ್’. ಆಯ್ಕೆಗೂ ತಕರಾರಿಲ್ಲ. ಆದರೆ ಕೊಲೆ ಮಾಡಿದ್ದು ಯಾರೆಂದು ಲೇಖನದ ನಡುವೆಯೇ ಬರೆದುಬಿಟ್ಟಿದ್ದೀರಿ. ಜತೆಗೆ, ಲ್ಯಾಪ್‌ಟಾಪ್ ಪ್ರೊಜೆಕ್ಟರ್ ಜೋಡಿಸಿದರೆ ಪ್ರದರ್ಶನ ಮುಗಿಯಿತು ಎಂಬ ಧಾಟಿ. ಮುಗಿಯುವುದಿಲ್ಲ, ಕೆಡುತ್ತದೆ.

ಮೊದಲು ಹೆಸರೇ. ಕನ್ನಡದ ಕಿವಿಗೆ ಇದು ಅಂದವಾದ ನಾಳೆ ಎಂಬಂತೆ ಕೇಳುತ್ತದೆ. ಅರ್ಥ ‘ಆ ದಿನ’ ಅಷ್ಟೇ. ಆ ದಿನ ಎಂದರೆ 1943ರ ಅಕ್ಟೋಬರ್, ಜಪಾನಿನ ವಿಮಾನ ಮದ್ರಾಸಿನ ಮೇಲೆ ಬಾಂಬ್ ಹಾಕಿದ ಮರುದಿನ. ಗುಂಡಿನ ಸದ್ದು ಕೇಳುತ್ತದೆ, ರೇಡಿಯೋ ಎಂಜಿನಿಯರ್ ರಾಜನ್ ಸಾಯುತ್ತಾನೆ, ಪಕ್ಕದ ಮನೆಯ ಚಿನ್ನಯ್ಯ ಪಿಳ್ಳೆ ಪೊಲೀಸರಿಗೆ ಸುದ್ದಿ ಮುಟ್ಟಿಸುತ್ತಾನೆ. ಶಿವಾಜಿ ಗಣೇಶನ್ ಅವರಂಥ ನಾಯಕ ಆರಂಭದಲ್ಲೇ ಹೆಣ. ಆಮೇಲೆ ಅವರನ್ನು ನೋಡುವುದು ಬೇರೆಯವರ ನೆನಪುಗಳಲ್ಲಿ. ನೆರೆಯವನು ರಾಜನ್ ತಮ್ಮ ಪಟ್ಟಾಭಿಯತ್ತ ಬೆರಳು ತೋರಿಸುತ್ತಾನೆ, ಪಟ್ಟಾಭಿ ತನ್ನ ಹೆಂಡತಿಯತ್ತಲೇ ತೋರಿಸುತ್ತಾನೆ. ಹಾಡಿಲ್ಲ, ಕುಣಿತವಿಲ್ಲ, ಹೊಡೆದಾಟವಿಲ್ಲ. ಹಾಡಿಲ್ಲದ ಚಿತ್ರವೆಂದರೆ ಮುಂಬಯಿಯವರಿಗೆ ನೆನಪಾಗುವುದು 1960ರ ‘ಕಾನೂನ್’, 1969ರ ‘ಇತ್ತೆಫಾಕ್’. ಇದು ಅವೆರಡಕ್ಕೂ ಹಿಂದಿನದು.

ಲೇಖನದಲ್ಲಿ ಇದನ್ನು ‘ರಾಶೋಮಾನ್’ನ ನಕಲು ಎಂದಿದ್ದೀರಿ. ನಿರ್ದೇಶಕ ಎಸ್. ಬಾಲಚಂದರ್ (ವೀಣೆಯ ಬಾಲಚಂದರ್ ಅವರೇ) ಆ ಜಪಾನಿ ಚಿತ್ರದಿಂದ ಪ್ರೇರಣೆ ಪಡೆದದ್ದು ನಿಜ. ಆದರೆ ‘ರಾಶೋಮಾನ್’ನಲ್ಲಿ ನಡೆದದ್ದೇನು ಎಂಬುದು ಕೊನೆಗೂ ಬಗೆಹರಿಯುವುದಿಲ್ಲ, ಇಲ್ಲಿ ಬಗೆಹರಿಯುತ್ತದೆ. ಒಬ್ಬೊಬ್ಬರ ಹೇಳಿಕೆಯೂ ಇನ್ನೊಬ್ಬರ ಕುತ್ತಿಗೆಗೆ ಬರುತ್ತದೆ, ಸಿಐಡಿ ಅಧಿಕಾರಿ ಶಿವಾನಂದಂ ಅವನ್ನು ಒಂದೊಂದಾಗಿ ತೂಗುತ್ತಾನೆ. ಆ ಪಾತ್ರ ಮಾಡಿದವರೂ ಚಿತ್ರಕ್ಕೆ ಬರೆದವರೂ ಒಬ್ಬರೇ, ಜಾವರ್ ಸೀತಾರಾಮನ್. ರಾಜನ್‌ನ ಹೆಂಡತಿ ಉಷಾ ಆಗಿರುವವರು ನಮ್ಮ ಭಟ್ಕಳದ ಪಂಡರಿಬಾಯಿ. ‘ಅಂದ ನಾಳ್’ ತೆರೆಗೆ ಬಂದದ್ದು 1954ರ ಏಪ್ರಿಲ್ 13ಕ್ಕೆ. ಅವರದೇ ‘ಬೇಡರ ಕಣ್ಣಪ್ಪ’ ಮೇ 7ಕ್ಕೆ. ಸಂಘದ ಹಿರಿಯರನ್ನು ಸೆಳೆಯಲು ಇದೊಂದೇ ಸಾಕಲ್ಲವೇ?

ಈಗ ಕೆಡುವ ಜಾಗಗಳಿಗೆ ಬರೋಣ. ಮೊದಲನೆಯದು ಅಡಿಬರಹ (ಸಬ್‌ಟೈಟಲ್). ಸಭೆಯಲ್ಲಿ ಅರ್ಧ ಜನಕ್ಕೆ ತಮಿಳು ಅರ್ಧಂಬರ್ಧ ತಿಳಿಯುತ್ತದೆ. ಪೂರ್ತಿ ತಿಳಿಯದವರಿಗಿಂತ ಹೆಚ್ಚು ದಾರಿ ತಪ್ಪುವವರು ಇವರೇ. ತಮಿಳಿನಲ್ಲಿ ಬೆಂಕಿ ಸುಡುವುದಕ್ಕೂ ಗುಂಡು ಹಾರಿಸುವುದಕ್ಕೂ ಒಂದೇ ಕ್ರಿಯಾಪದ: ‘ಸುಟ್ಟಾನ್’. ಕೊಲೆಯ ಚಿತ್ರದಲ್ಲಿ ಅದನ್ನು ‘ಸುಟ್ಟ’ ಎಂದೇ ಕೇಳಿಸಿಕೊಂಡರೆ ಏನು ಗತಿ? ಅವರ ‘ನೀದಿ’ ನಮ್ಮ ನೀತಿಯಲ್ಲ, ನ್ಯಾಯ. ‘ಅಣ್ಣಿ’ ಎಂದರೆ ಅತ್ತಿಗೆ. ಇಂಗ್ಲಿಷ್ ಅಡಿಬರಹವನ್ನು ಕನ್ನಡಕ್ಕೆ ತಿರುಗಿಸಿದರೆ ಇನ್ನೂ ಅನಾಹುತ. ಅಲ್ಲಿ ಅತ್ತಿಗೆ, ನಾದಿನಿ, ಓರಗಿತ್ತಿ ಎಲ್ಲರೂ ‘ಸಿಸ್ಟರ್ ಇನ್ ಲಾ’. ಮನೆಯೊಳಗೆ ಯಾರು ಯಾರಿಗೆ ಏನಾಗಬೇಕು ಎಂಬುದರ ಮೇಲೆಯೇ ಅನುಮಾನ ನಿಂತಿರುವ ಕಥೆಯಲ್ಲಿ ಸಂಬಂಧ ಕಲಸಿಹೋದರೆ ಉಳಿಯುವುದೇನು? ಯಂತ್ರಾನುವಾದಕ್ಕೆ ಬಿಟ್ಟರಂತೂ ಪಟ್ಟಾಭಿ ‘ಪಟ್ಟಾಪಿ’ಯಾಗುತ್ತಾನೆ. ತಮಿಳು ಲಿಪಿಯಲ್ಲಿ ಪ, ಬ, ಭ ಮೂರಕ್ಕೂ ಒಂದೇ ಅಕ್ಷರ. ಆದ್ದರಿಂದ ತಮಿಳು ಬಲ್ಲವರೊಬ್ಬರು, ಕನ್ನಡ ಬರೆಯುವವರೊಬ್ಬರು ಒಟ್ಟಿಗೆ ಕೂತು, ಸಂಭಾಷಣೆ ಕೇಳಿಕೊಂಡೇ ಬರೆಯಬೇಕು. ಅರೋರಾ ಚಿತ್ರಮಂದಿರದೆದುರು ರಜನಿ ಚಿತ್ರಕ್ಕೆ ನಸುಕಿನಲ್ಲೇ ಸಾಲು ನಿಲ್ಲುವ ಮಾಟುಂಗಾದಲ್ಲಿ ತಮಿಳು ಬಲ್ಲವರಿಗೆ ಬರವೇ?

ಬರೆಯುವಾಗ ಒಮ್ಮೆಗೆ ಎರಡೇ ಸಾಲು, ಸಾಲಿಗೆ 30 ಅಕ್ಷರದ ಒಳಗೆ. ತೆರೆಯ ಮೇಲೆ ಕನಿಷ್ಠ 1 ಸೆಕೆಂಡ್, ಗರಿಷ್ಠ 6 ಸೆಕೆಂಡ್. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ನಮಗೆ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಪ್ಪುಬಿಳುಪು ಚಿತ್ರದಲ್ಲಿ ಬಿಳಿ ಪಂಚೆ, ಬಿಳಿ ಗೋಡೆಯ ಮೇಲೆ ಬಿಳಿ ಅಕ್ಷರ ಮಾಯವಾಗುವುದರಿಂದ ತಿಳಿಹಳದಿ ಅಕ್ಷರಕ್ಕೆ ಕಪ್ಪು ಅಂಚು ಕೊಡಿ. ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ. ಪೆನ್‌ಡ್ರೈವಿನಿಂದ ನೇರವಾಗಿ ಟೀವಿಗೆ ಹಾಕಿದರೆ ಎಷ್ಟೋ ಟೀವಿಗಳಲ್ಲಿ ‘ಸ್ತ್ರೀ’ಯಂಥ ಅಕ್ಷರ ಮೂರು ತುಂಡಾಗಿಯೋ ಬರೀ ಚೌಕಗಳಾಗಿಯೋ ಬರುತ್ತದೆ. ಅದಕ್ಕೇ ಅಡಿಬರಹವನ್ನು ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಿಂದ ಚಿತ್ರದೊಳಗೇ ಅಚ್ಚೊತ್ತಿಬಿಡುವುದು ಕ್ಷೇಮ.

ಇನ್ನೊಂದು ಕಾಟ, ಅಡಿಬರಹ ಜಾರುವುದು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟಿನದು (ಫ್ರೇಮಿನದು). ಹಲವು ಹಳೆಯ ಡಿವಿಡಿಗಳಲ್ಲಿ ಅದನ್ನು 25ಕ್ಕೆ ಏರಿಸಿರುತ್ತಾರೆ. ಒಂದಕ್ಕೆ ಮಾಡಿದ ಅಡಿಬರಹ ಇನ್ನೊಂದಕ್ಕೆ ಹಾಕಿದರೆ ಮೊದಲ ಕೆಲವು ಸೆಕೆಂಡ್ ಗೊತ್ತೇ ಆಗುವುದಿಲ್ಲ, ಗಂಟೆಯ ಹೊತ್ತಿಗೆ 2 ನಿಮಿಷ 24 ಸೆಕೆಂಡ್ ವ್ಯತ್ಯಾಸ ಬಂದಿರುತ್ತದೆ. ಪ್ರಶ್ನೆ ಕೇಳುವ ಮೊದಲೇ ಉತ್ತರ ತೆರೆಯ ಮೇಲೆ! ವಿಎಲ್‌ಸಿ ಎಂಬ ವಿಡಿಯೋ ತಂತ್ರಾಂಶದಲ್ಲಿ ಜಿ, ಎಚ್ ಗುಂಡಿ ಒತ್ತಿ ಹಿಂದೆಮುಂದೆ ಮಾಡಿದರೆ ಆ ಕ್ಷಣಕ್ಕೆ ಸರಿಹೋಗಿ ಮತ್ತೆ ಜಾರುತ್ತದೆ. ಸಬ್‌ಟೈಟಲ್ ಎಡಿಟ್‌ ಎಂಬ ತಂತ್ರಾಂಶದಲ್ಲಿ ಫ್ರೇಮ್ ರೇಟನ್ನೇ ಬದಲಿಸಿ.

ಎರಡನೆಯದು ಚಿತ್ರದ ಆಕಾರ. ಆ ಕಾಲದ ಚೌಕಟ್ಟಿನ ಅಗಲ, ಎತ್ತರ 1.37ಕ್ಕೆ 1. ಇಂದಿನ ಪ್ರೊಜೆಕ್ಟರ್ 16:9. ತೆರೆ ತುಂಬಲಿ ಎಂದು ಹಿಗ್ಗಿಸಿದರೆ ಪಂಡರಿಬಾಯಿಯ ಮುಖ ಶೇಕಡಾ 30ರಷ್ಟು ಅಗಲವಾಗುತ್ತದೆ. ಜೂಮ್ ಒತ್ತಿದರೆ ಮೇಲೆ ಕೆಳಗೆ ಸೇರಿ ಶೇಕಡಾ 23 ಕತ್ತರಿಸಿಹೋಗುತ್ತದೆ, ನಿಂತವರ ನೆತ್ತಿ ಇರುವುದಿಲ್ಲ. 12 ಅಡಿ ಅಗಲ, 6 ಅಡಿ 9 ಅಂಗುಲ ಎತ್ತರದ ತೆರೆಯಲ್ಲಿ ಚಿತ್ರ 9 ಅಡಿ 3 ಅಂಗುಲ ಅಗಲ ಬಂದರೆ ಸರಿಯಾಗಿದೆ ಎಂದು ಲೆಕ್ಕ. ಉಳಿದ ಜಾಗಕ್ಕೆ ಎಡಬಲದಲ್ಲಿ ಕಪ್ಪು ಬಟ್ಟೆ ಇಳಿಬಿಡಿ. ಚಿತ್ರವನ್ನು ಝಗಮಗಿಸುವ ಪ್ರೊಜೆಕ್ಟರಿನ ‘ವಿವಿಡ್’, ‘ಡೈನಾಮಿಕ್’ ಎಲ್ಲ ನಿಲ್ಲಿಸಿ; ನೆರಳಿನಲ್ಲಿ ನಿಂತವರು ನೆರಳಿನಲ್ಲೇ ಇರಲಿ.

ಧ್ವನಿ ಮಾನೋ, ಎಂದರೆ ಎಡಬಲ ಭೇದವಿಲ್ಲದ ಒಂದೇ ಧಾರೆ. ಮದುವೆ ಊಟಕ್ಕೆಂದು ಕಟ್ಟಿದ ನಮ್ಮ ಸಭಾಂಗಣಗಳಲ್ಲಿ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ. ನಾಲ್ಕು ಸ್ಪೀಕರ್ ಬೇಡ, ತೆರೆಯ ಬದಿಯಲ್ಲಿ ಎರಡು ಸಾಕು. ಕಡತದಲ್ಲಿ ಒಂದೇ ಬದಿಗೆ ಧ್ವನಿಯಿದ್ದರೆ ಮಾನೋ ಮಾಡಿಕೊಳ್ಳಿ. ಮಿಕ್ಸರಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಧ್ವನಿಯನ್ನು ತೆಗೆದರೆ ಗುಡುಗುಡು ಹೋಗುತ್ತದೆ. ಗುಂಯ್‌ಗುಡುವುದಾದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಬಹಳ ಸಲ ಕಾರಣ ಅದೇ.

ಚಹಾ ವಿರಾಮ ಬೇಕೇಬೇಕು ಎಂದರೆ ಒಬ್ಬರ ಹೇಳಿಕೆ ಮುಗಿದ ಜಾಗದಲ್ಲಿ ಕೊಡಿ, ಗಡಿಯಾರ ನೋಡಿ ಅಲ್ಲ. ಯೂಟ್ಯೂಬಿನಲ್ಲಿದೆ ಎಂದ ಮಾತ್ರಕ್ಕೆ ಸಭೆಯಲ್ಲಿ ತೋರಿಸುವ ಹಕ್ಕು ಸಿಗುವುದಿಲ್ಲ. ಹಕ್ಕುದಾರರಿಂದ ದಿನಾಂಕ, ಸ್ಥಳ ಬರೆದ ಒಪ್ಪಿಗೆ ಪತ್ರ ತರಿಸಿಕೊಂಡ ಮೇಲೆಯೇ ಆಮಂತ್ರಣ ಅಚ್ಚಿಗೆ ಹೋಗಲಿ. ಅದರಲ್ಲಿ ಕಥಾಸಾರ ಹಾಕಲೇಬೇಕೆಂದರೆ ಗುಂಡಿನ ಸದ್ದಿನವರೆಗೆ ಮಾತ್ರ ಹಾಕಿ.

– ಚಿತ್ರ ಪ್ರದರ್ಶನಗಳ ತಾಂತ್ರಿಕ ಕೆಲಸ ನೋಡಿಕೊಳ್ಳುವ ಕೆಲವು ಓದುಗರು, ಮಾಟುಂಗಾ, ಮುಂಬಯಿ