ನೇತ್ರದಾನ: ಮನೆಯವರಿಗೂ ಹೇಳಿಟ್ಟಿರಿ

ಮಾನ್ಯ ಸಂಪಾದಕರೇ,

ನಮ್ಮೂರ ಲಯನ್ಸ್ ಕ್ಲಬ್‌ನವರು ನಡೆಸಿದ ಉಚಿತ ಕಣ್ಣಿನ ಶಿಬಿರಕ್ಕೆ ಪಕ್ಕದ ಮನೆಯ ಅಜ್ಜಿಯನ್ನು ನಾನೇ ಕರೆದೊಯ್ದಿದ್ದೆ. ಪೊರೆ ತೆಗೆಸಿಕೊಂಡು ಬಂದ ಅವರು ಈಗ ಜಗಲಿಯಲ್ಲಿ ಕೂತು ಮೊರದ ಅಕ್ಕಿಯಲ್ಲಿನ ಕಲ್ಲನ್ನು ತಾವೇ ಆರಿಸುತ್ತಾರೆ. ಎರಡು ವರ್ಷದಿಂದ ಅದು ಸೊಸೆಯ ಕೆಲಸವಾಗಿತ್ತು. ಅಂಧರ ನೆರವಿಗೆ ನಿಲ್ಲಿ ಎಂದು ಹೆಲೆನ್ ಕೆಲರ್ ಲಯನ್ಸ್ ಸದಸ್ಯರನ್ನು ಕೇಳಿಕೊಂಡದ್ದು 1925ರಲ್ಲಿ. ನಮ್ಮವರು ಅದನ್ನು ಇಂದಿಗೂ ನಡೆಸಿಕೊಂಡು ಬಂದಿರುವುದು ದೊಡ್ಡ ಸಮಾಧಾನ.

ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗಿನ ರಾಷ್ಟ್ರೀಯ ನೇತ್ರದಾನ ಪಾಕ್ಷಿಕದಲ್ಲಿ ಅವರು ಮನೆಮನೆಗೆ ಬಂದು ವಾಗ್ದಾನ ಪತ್ರ ಬರೆಸಿಕೊಳ್ಳಲಿದ್ದಾರೆ. ದಯವಿಟ್ಟು ಬಾಗಿಲಲ್ಲೇ ಸಾಗಹಾಕಬೇಡಿ. ಕನ್ನಡಕ ಹಾಕುವವರೂ, ಪೊರೆ ತೆಗೆಸಿಕೊಂಡವರೂ ಕಣ್ಣು ಕೊಡಬಹುದು. ಆದರೆ ಸಹಿ ಹಾಕಿದರಷ್ಟೇ ಸಾಲದು, ಮನೆಯವರಿಗೂ ಹೇಳಿಟ್ಟಿರಬೇಕು. ತೀರಿಕೊಂಡ 6 ಗಂಟೆಯೊಳಗೆ ಕಣ್ಣು ಪಡೆಯಬೇಕಾದ್ದರಿಂದ ಕೂಡಲೇ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು. ಅವರು ಬರುವವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಬೇಕು. ಡಾ. ರಾಜ್‌ಕುಮಾರ್, ಪುನೀತ್ ಇಬ್ಬರ ಕಣ್ಣುಗಳನ್ನೂ ಮನೆಯವರು ಅಂಥ ದುಃಖದ ನಡುವೆಯೇ ದಾನ ಮಾಡಿದ್ದರು.

ಶಾಲಾ ಮಕ್ಕಳ ಕಣ್ಣಿನ ತಪಾಸಣೆ ದಸರಾ ರಜೆಗೆ ಮುಂಚೆಯೇ ಇದೆಯಂತೆ. ಬೋರ್ಡು ಕಾಣುವುದಿಲ್ಲ ಎನ್ನುವ ಮಗುವನ್ನು ಗದರದೆ ಅಲ್ಲಿಗೆ ಕಳುಹಿಸಿ.

– ಓರ್ವ ಓದುಗಿ