ಮಗಳಿಗೊಂದು ಪತ್ರ: ನಿನ್ನ ನೀಲಿ ಬ್ಯಾಗ್ ತೆಗೆದುಕೊಂಡು ಹೋಗಿದ್ದೆ

ಹಾಸನ

ಪ್ರೀತಿಯ ಪುಟ್ಟಿ,

ಅಂಡಮಾನಿನಿಂದ ಬಂದು ಎಂಟು ದಿನವಾಯಿತು. ಬಟ್ಟೆ ಒಗೆದು, ಮನೆ ಒಪ್ಪ ಮಾಡಿ, ನಿಮ್ಮಪ್ಪ ತಂದು ಸುರಿದ ಅವರೆಕಾಯಿ ಬಿಡಿಸುವಷ್ಟರಲ್ಲಿ ದಿನ ಹೋಗಿದ್ದೇ ಗೊತ್ತಾಗಲಿಲ್ಲ. ಫೋನಿನಲ್ಲಿ ನಿನಗೆ ಹೇಳಿದ್ದೆಲ್ಲ ಅರ್ಧಂಬರ್ಧ. ಇವತ್ತು ಅವರು ಬೆಳಿಗ್ಗೆಯೇ ತೋಟಕ್ಕೆ ಹೋದರು, ನಾನು ಕಾಗದ ಪೆನ್ನು ಹಿಡಿದು ಕೂತೆ. ಬಾಯಲ್ಲಿ ಹೇಳೋಕೆ ಆಗದ ಒಂದು ಮಾತಿದೆ. ಆ ಒಂದು ದಿನ ಹೇಗಾಯಿತು ಅಂತ ಹೇಳದೆ ಅದನ್ನು ಹೇಳೋಕೆ ಬರಲ್ಲ.

ನಾನು ತೆಗೆದುಕೊಂಡು ಹೋಗಿದ್ದು ನಿನ್ನ ನೀಲಿ ಬ್ಯಾಗು. ಡಿಗ್ರಿ ಎರಡನೇ ವರ್ಷದಲ್ಲಿ ಗೆಳತಿಯರ ಜೊತೆ ಮಲ್ಪೆಗೆ, ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕು ಅಂತ ಸ್ಕಾಲರ್‌ಶಿಪ್ ದುಡ್ಡಲ್ಲಿ ತಂದಿದ್ದೆಯಲ್ಲ, ಅದೇ. ಅಟ್ಟದಿಂದ ಇಳಿಸಿ ಧೂಳು ಒರೆಸುವಾಗ ನೋಡಿದರೆ ಅಂಗಡಿಯ ಬೆಲೆ ಚೀಟಿ ಹಿಡಿಯಲ್ಲಿ ಹಾಗೇ ನೇತಾಡುತ್ತಿದೆ. ಪ್ಲಾಸ್ಟಿಕ್ ದಾರ, ಎಳೆದರೆ ಬೆರಳು ಕುಯ್ಯಿತೇ ಹೊರತು ಅದು ಬರಲಿಲ್ಲ. ಈಳಿಗೆಮಣೆಗೆ ತಾಗಿಸಿ ಕತ್ತರಿಸಿದೆ. ಚೀಟಿ ಎಸೆಯೋಕೆ ಮನಸ್ಸಾಗಲಿಲ್ಲ. ದೇವರ ಮನೆಯಲ್ಲಿ ಪಂಚಾಂಗದ ಕೆಳಗೆ ಇಟ್ಟಿದ್ದೇನೆ.

ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ನಾವೇ ನಾಲ್ಕು ಜನ ಅಂತ ನಿನಗೆ ಗೊತ್ತು. ಟೀಚರ್ ಆಂಟಿ, ನರ್ಸ್ ಆಂಟಿ, ಹೊಲಿಗೆ ಆಂಟಿ, ನಾನು. ಹೊರಡುವ ಮುಂಚೆಯೇ ಒಂದು ಕರಾರು ಮಾಡಿಕೊಂಡಿದ್ದೆವು. ಒಂದೊಂದು ಹೋಟೆಲಿಗೆ ಒಬ್ಬೊಬ್ಬರು ಯಜಮಾನಿ. ಅವತ್ತಿನ ಕಾಗದ ಪತ್ರ, ಆಧಾರ್ ಕಾರ್ಡುಗಳು, ದುಡ್ಡು ಎಲ್ಲ ಅವರ ಕೈಲಿ. ಕೌಂಟರಿನಲ್ಲಿ ಮಾತಾಡೋದೂ ಅವರೇ. ಮೊದಲನೇ ರಾತ್ರಿ ಪೋರ್ಟ್ ಬ್ಲೇರಿನಲ್ಲಿ ನರ್ಸ್ ಆಂಟಿ. 2024ರಲ್ಲಿ ಆ ಊರಿಗೆ ಶ್ರೀ ವಿಜಯಪುರಂ ಅಂತ ಹೆಸರಿಟ್ಟರೂ ಆಟೋದವರಿಂದ ಹಿಡಿದು ಎಲ್ಲರ ಬಾಯಲ್ಲೂ ಹಳೇ ಹೆಸರೇ. ಎರಡನೇ ದಿನ ಹ್ಯಾವ್‌ಲಾಕ್ ದ್ವೀಪ, ಅದು ನನ್ನ ಪಾಲು.

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಐದೂಕಾಲಿಗೆ ಕಿಟಕಿ ತೆಗೆದರೆ ಆಗಲೇ ಬೆಳ್ಳಗಾಗುತ್ತಿತ್ತು. ನನ್ನ ಫೋನಿನ ಗಡಿಯಾರ ಕೆಟ್ಟಿತೇನೋ ಅಂದುಕೊಂಡೆ. ಟೀಚರ್ ಆಂಟಿ ಎದ್ದು ಕೂತು ಪಾಠವನ್ನೇ ಮಾಡಿದರು. ದೇಶಕ್ಕೆಲ್ಲ ಒಂದೇ ಗಡಿಯಾರ, ಅದು 82.5 ಡಿಗ್ರಿ ರೇಖಾಂಶದ್ದು. ಹಾಸನ ಇರೋದು 76ರ ಹತ್ತಿರ, ಪೋರ್ಟ್ ಬ್ಲೇರ್ 92 ದಾಟಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ ಹಾಕಿದರೆ ನಮಗಿಂತ ಒಂದು ಗಂಟೆಗೂ ಮುಂಚೆ ಅಲ್ಲಿ ಸೂರ್ಯ ಹುಟ್ಟುತ್ತಾನೆ, ಅಷ್ಟೇ ಮುಂಚೆ ಮುಳುಗುತ್ತಾನೆ. ಈ ಲೆಕ್ಕ ನಾನೂ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ, ಪುಟ್ಟಿ. ಕಣ್ಣಲ್ಲಿ ಕಂಡಿದ್ದು ಐವತ್ತಾರನೇ ವಯಸ್ಸಿನಲ್ಲಿ.

ಹ್ಯಾಡೋ ಜೆಟ್ಟಿಯಲ್ಲಿ ಏರ್‌ಪೋರ್ಟಿನ ಹಾಗೇ ಬ್ಯಾಗು ಸ್ಕ್ಯಾನ್ ಮಾಡಿ, ಟಿಕೆಟಿನ ಹೆಸರಿಗೂ ಆಧಾರಿನ ಹೆಸರಿಗೂ ತಾಳೆ ನೋಡಿ ಒಳಗೆ ಬಿಟ್ಟರು. ಶಿರಾಡಿ ಘಾಟಿಯಲ್ಲೇ ವಾಂತಿ ಮಾಡಿಕೊಳ್ಳುವವಳು ನಾನು, ಸಮುದ್ರದ ಮೇಲೆ ಒಂದೂವರೆ ಗಂಟೆ ಹೇಗಪ್ಪಾ ಅಂತ ಕೈಕಾಲು ತಣ್ಣಗಾಗಿತ್ತು. ನರ್ಸ್ ಆಂಟಿ ಅರ್ಧ ಗಂಟೆ ಮುಂಚೆಯೇ ಮಾತ್ರೆ ನುಂಗಿಸಿ, ನಡುಭಾಗದ ಸೀಟಿನಲ್ಲಿ ಕೂರಿಸಿದರು. ಹಡಗು ಅಲುಗಾಡೋದು ಕಿವಿಯ ಒಳಭಾಗಕ್ಕೆ ತಿಳಿಯುತ್ತೆ, ಎದುರಿನ ಸೀಟು ನೋಡುತ್ತಾ ಕೂತ ಕಣ್ಣಿಗೆ ತಿಳಿಯಲ್ಲ. ಆ ಜಗಳಕ್ಕೇ ಹೊಟ್ಟೆ ತೊಳಸೋದು ಅಂತೆ. ಅದಕ್ಕೆ ದೂರದಲ್ಲಿ ನೀರೂ ಬಾನೂ ಕೂಡುವ ಗೆರೆಯನ್ನೇ ನೋಡಬೇಕು. ನಾನು ಆ ಗೆರೆಯಿಂದ ಕಣ್ಣು ತೆಗೆಯಲಿಲ್ಲ. ಇಲ್ಲಿವರೆಗೆ ನನಗೆ ದೊಡ್ಡ ನೀರು ಅಂದರೆ ಗೊರೂರಿನ ಹೇಮಾವತಿ ಹಿನ್ನೀರು. ಅದಕ್ಕೆ ಎಲ್ಲಿ ನಿಂತರೂ ಆಚೆ ದಡ ಕಾಣುತ್ತೆ. ಇಲ್ಲಿ ಗೆರೆಯ ಆಚೆ ಏನೂ ಇಲ್ಲ. ಭಯ ಆಗಬೇಕಿತ್ತು, ಆಗಲಿಲ್ಲ. ಎದೆ ಹಗುರಾಯಿತು.

ಹ್ಯಾವ್‌ಲಾಕಿಗೆ 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರು ಇಟ್ಟಿದ್ದಾರೆ. ಅಲ್ಲಿ ಬಡಾವಣೆಗಳನ್ನು ನಂಬರಿನಿಂದ ಕರೀತಾರೆ, ಮೂರನೇ ನಂಬರು, ಐದನೇ ನಂಬರು, ಹೀಗೆ. ಅಂಗಡಿಯಲ್ಲಿ, ಆಟೋದಲ್ಲಿ ಎಲ್ಲೆಲ್ಲೂ ಬಂಗಾಳಿ. ದೇಶ ಇಬ್ಭಾಗವಾದಾಗ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದವರಿಗೆ ಸರ್ಕಾರ ಇಲ್ಲಿ ನೆಲ ಕೊಟ್ಟು ಕೂರಿಸಿತ್ತು. ಎಳನೀರು ಕೆತ್ತಿಕೊಟ್ಟ ಅಜ್ಜಿಯೂ ಆ ಮನೆತನದವರೇ. ಅವರ ಮನೆ ಮುಂದೆ ಅಡಿಕೆ ಮರ, ಕುಂಬಳ ಬಳ್ಳಿ. ನಮ್ಮೂರೇ ಅನ್ನಿಸಿತು.

ಹೋಟೆಲ್ ಮುಟ್ಟಿದಾಗ ಹತ್ತೂಕಾಲು. ರೂಮು ಕೊಡೋದು ಹನ್ನೆರಡಕ್ಕೆ ಅಂದರು, ಸರಿ, ಅದು ನಿಯಮ. ಮುಂದಿನದು ಹೇಳುತ್ತೇನೆ ಕೇಳು. ಎರಡು ರೂಮಿಗೆ ದುಡ್ಡು ಕಟ್ಟಿ ಬಂದಿದ್ದೆವು. ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ ಒಂದೇ ರೂಮು ಇರೋದು, ಎರಡು ಎಕ್ಸ್‌ಟ್ರಾ ಹಾಸಿಗೆ ಹಾಕಿಸ್ತೀನಿ ಅಂದ. ನಾನು ಪ್ರಿಂಟ್ ತೆಗೆದು ಮುಂದಿಟ್ಟೆ. ಅವನು ಅದನ್ನು ನೋಡಲೂ ಇಲ್ಲ, ನನ್ನ ಭುಜದ ಮೇಲಿಂದ ಬಾಗಿಲ ಕಡೆ ನೋಡಿ ಹಿಂದಿಯಲ್ಲಿ, "ಜೊತೆಗೆ ಗಂಡಸರು ಯಾರು ಬಂದಿದ್ದಾರೆ? ಅವರನ್ನ ಕರೀರಿ, ಮಾತಾಡ್ತೀನಿ" ಅಂದ.

ಆ ಮಾತು ನನಗೆ ಗುರುತಿನದು. "ಜೊತೆಗೆ ಗಂಡಸರು ಯಾರು ಬರ್ತಾರೆ?" ಅಂತ ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ ನಾನೇ ನಿನ್ನನ್ನು ಕೇಳಿದ್ದೆ. ನೀನು ಆಗ ತಲೆ ತಗ್ಗಿಸಿ ಕಾಲಿನ ಹೆಬ್ಬೆರಳಿಂದ ನೆಲ ಗೀರುತ್ತಾ ನಿಂತಿದ್ದೆ. ಕೌಂಟರಿನ ಮುಂದೆ ನನ್ನ ಕಾಲೂ ಅದನ್ನೇ ಮಾಡುತ್ತಿತ್ತು. ನೋಡಿಕೊಂಡೆ. ನಿಲ್ಲಿಸಿದೆ. ನನ್ನ ಹಿಂದಿ ನಿನಗೆ ಗೊತ್ತಲ್ಲ, ಆದರೂ ಹೇಳಿದೆ: "ಬುಕಿಂಗ್ ನನ್ನ ಹೆಸರಲ್ಲಿದೆ. ದುಡ್ಡು ನಾನು ಕಟ್ಟಿದ್ದು. ನನ್ನ ಹತ್ತಿರವೇ ಮಾತಾಡಿ." ಹಿಂದೆ ಮೂವರೂ ಬ್ಯಾಗು ಕೆಳಗಿಟ್ಟು ಸಾಲಾಗಿ ನಿಂತರು, ಒಬ್ಬರೂ ಬಾಯಿ ಹಾಕಲಿಲ್ಲ. ಅವತ್ತು ನನ್ನ ಸರದಿ ತಾನೇ. ಇಪ್ಪತ್ತು ನಿಮಿಷ ಆಯಿತು. ಮ್ಯಾನೇಜರ್ ಬಂದರು, ಪ್ರಿಂಟ್ ಓದಿದರು, ಎರಡು ಬೀಗದ ಕೈ ಬಂತು.

ಆಮೇಲೆ ರಿಜಿಸ್ಟರ್ ತಿರುಗಿಸಿ ನನ್ನ ಕಡೆ ಇಟ್ಟರು. ಉದ್ದದ ಪುಸ್ತಕ, ದಾರ ಕಟ್ಟಿದ ಪೆನ್ನು. ಹೆಸರು, ವಯಸ್ಸು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಜೊತೆಗೆ ಎಷ್ಟು ಜನ, ಸಹಿ. ಮದುವೆಯಾದ ಮೇಲೆ ಧರ್ಮಸ್ಥಳ, ತಿರುಪತಿ, ಊಟಿ ಅಂತ ಎಷ್ಟು ಕಡೆ ರೂಮು ಮಾಡಿಲ್ಲ ನಾವು. ಒಂದು ಕಡೆಯೂ ನಾನು ಈ ಪುಸ್ತಕ ಮುಟ್ಟಿರಲಿಲ್ಲ. ನಿಮ್ಮಪ್ಪ ಬರೆಯುತ್ತಿದ್ದರು, ನಾನು ಬ್ಯಾಗು ಕಾಯುತ್ತಾ ಸೋಫಾದಲ್ಲಿ ಕೂತಿರುತ್ತಿದ್ದೆ. ಅವರು ಬರೆಯುವ 'ಜೊತೆಗೆ ಎಷ್ಟು ಜನ' ಅನ್ನೋದರಲ್ಲಿ ನಾನೊಂದು ಅಂಕಿ. ಅವರು ಬೇಡ ಅಂದವರಲ್ಲ; ನಾನೂ ಕೊಡಿ ಅಂದವಳಲ್ಲ. ಹೆಸರು ಬರೆಯುವಾಗ ಕೈ ಸ್ವಲ್ಪ ನಡುಗಿತು. ಸಹಿ ಕನ್ನಡದಲ್ಲೇ ಹಾಕಿದೆ. ಹಾಸನ ಎಲ್ಲಿ ಅಂತ ಮ್ಯಾನೇಜರ್ ಕೇಳಿದಾಗ ಟೀಚರ್ ಆಂಟಿಗೆ ತಡೆಯಲಾಗಲಿಲ್ಲ. ಬೇಲೂರು, ಹಳೇಬೀಡು ನಮ್ಮ ಜಿಲ್ಲೆಯಲ್ಲೇ ಇರೋದು, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ ಅಂತ ಶುರು ಮಾಡಿದವರು ಹನ್ನೆರಡರ ತನಕ ನಿಲ್ಲಿಸಲಿಲ್ಲ.

ಮಧ್ಯಾಹ್ನ ಊಟ ಆದಮೇಲೆ ರಾಧಾನಗರ ಬೀಚಿಗೆ ಹೋದೆವು. ಏಳನೇ ನಂಬರು ಅನ್ನೋದು ಇದೇ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಒಳ್ಳೇ ಬೀಚು ಅಂತ ಬರೆದಿತ್ತು. ದಡದ ಅಂಚಿಗೇ ಕಾಡು, ತಲೆಯೆತ್ತಿ ನೋಡಿದರೆ ಕುತ್ತಿಗೆ ನೋಯುವಷ್ಟು ಎತ್ತರದ ಮಹುವಾ ಮರಗಳು. ಅವುಗಳ ನೆರಳು ಮುಗಿದಲ್ಲಿ ಬಿಳೀ ಮರಳು, ಆಚೆಗೆ ನೀರು. ಹೊಲಿಗೆ ಆಂಟಿ ನಾಲ್ಕು ಜನಕ್ಕೂ ಸಮುದ್ರಕ್ಕೆ ಅಂತಲೇ ಒಂದೇ ಥರದ ಕಾಟನ್ ಚೂಡಿದಾರ್ ಹೊಲಿದು ತಂದಿದ್ದರು, ಬೀಗದ ಕೈ ಇಡೋಕೆ ಒಳಜೇಬು ಸಹಿತ. ಮೊಣಕಾಲಿನ ತನಕ ನೀರಿಗಿಳಿದು ನಾಲ್ವರೂ ಕೈ ಹಿಡಿದು ನಿಂತೆವು. ಅಲೆ ವಾಪಸ್ ಹೋಗುವಾಗ ಅಂಗಾಲಿನ ಕೆಳಗಿನ ಮರಳು ಜಾರಿ ಜಾರಿ ಹೋಗುತ್ತೆ, ನಿಂತ ಕಡೆಯೇ ಹೂತುಕೊಳ್ಳುತ್ತೇವೆ. ಸಣ್ಣ ಹುಡುಗಿಯರ ಹಾಗೆ ಕೂಗಿದೆವು. ನರ್ಸ್ ಆಂಟಿಗೆ ಒಂದು ಸುರುಳಿ ಚಿಪ್ಪು ಸಿಕ್ಕಿತು, ಅಂಗೈಯಲ್ಲಿಟ್ಟು ತುಂಬ ಹೊತ್ತು ನೋಡಿ ನೀರಿಗೇ ಬಿಟ್ಟರು. ಹವಳ, ಚಿಪ್ಪು ಅಲ್ಲಿಂದ ತರುವ ಹಾಗಿಲ್ಲ, ಕಾನೂನಿದೆ.

ಐದು ಗಂಟೆಗೆಲ್ಲ ಸೂರ್ಯ ನೀರಿಗೆ ಇಳಿದ. ಹಾಸನದಲ್ಲಿ ಆಗಿನ್ನೂ ಬಿಸಿಲು, ನಿಮ್ಮಪ್ಪ ಕಾಫಿಗೆ ಹಾಲು ಇಡುವ ಹೊತ್ತು.

ಮರಳಿನ ಮೇಲೆ ಕೂತಿದ್ದಾಗ ಟೀಚರ್ ಆಂಟಿ ಅಂದರು, "ಇಷ್ಟು ದೂರ ಬಂದಿದ್ದೀವಿ, ನಮ್ಮ ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ನೀವು ಯಾರಾದರೂ ನೋಡಿದ್ದೀರಾ?" ಅಲ್ಲಿ ಮರಳಿಗಿಂತ ಕಲ್ಲು ನೋಡಬೇಕಂತೆ. ಕೆತ್ತಿ ನಿಲ್ಲಿಸಿದ ಹಾಗೆ ಆರು ಮೂಲೆ, ಐದು ಮೂಲೆಯ ಕಲ್ಲುಕಂಬಗಳು, ಒಂದಕ್ಕೊಂದು ಅಂಟಿಕೊಂಡು. ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಕಿತ್ತುಕೊಂಡು ಬೇರೆಯಾಗುವಾಗ ಉಕ್ಕಿದ ಲಾವಾ ಆರುತ್ತಾ ಆರುತ್ತಾ ಕುಗ್ಗಿ, ಹಾಗೆ ಸೀಳಿತಂತೆ. ನಾನು ಮಾತಾಡಲಿಲ್ಲ. ನೀನು ಅದನ್ನೇ ನೋಡಬೇಕು ಅಂದಿದ್ದೆ. ಮೊಬೈಲಿನಲ್ಲಿ ಫೋಟೋ ತೋರಿಸಿ "ಅಮ್ಮ, ಈ ಕಲ್ಲು ನೋಡಮ್ಮ" ಅಂತ ಅಡುಗೆಮನೆ ತುಂಬ ನನ್ನ ಹಿಂದೆ ಓಡಾಡಿದ್ದೆ. ನಾನು ಒಗ್ಗರಣೆ ಸೀದುಹೋಗುತ್ತೆ ಅಂದೆ.

ಇನ್ನು ಆ ಮಾತು ಹೇಳಿಬಿಡುತ್ತೇನೆ. ಆವತ್ತು ರಾತ್ರಿ ನಿನಗೆ "ನಿಮ್ಮಪ್ಪ ಒಪ್ಪಲ್ಲ" ಅಂತ ಹೇಳಿದೆನಲ್ಲ, ನಾನು ಅವರನ್ನು ಕೇಳಿಯೇ ಇರಲಿಲ್ಲ ಪುಟ್ಟಿ.

ನಾಲ್ಕು ಹುಡುಗಿಯರು ಹೋಟೆಲಿನಲ್ಲಿ ಒಂದು ರಾತ್ರಿ ಉಳಿದರೆ ನಿನ್ನ ಸೋದರತ್ತೆ ಏನಂತಾರೆ, ಬೀದಿಯವರು ಏನಂತಾರೆ ಅಂತ ಹೆದರಿದ್ದು ನಾನು. ನನಗೆ ನಿನ್ನ ವಯಸ್ಸಿನಲ್ಲಿ ಸಿಗದ್ದು ನಿನಗೆ ಇಷ್ಟು ಸುಲಭವಾಗಿ ಸಿಗುತ್ತಲ್ಲ ಅನ್ನೋ ಸಂಕಟವೂ ಒಳಗೆ ಇತ್ತು. ಬೇಡ ಅನ್ನೋಕೆ ನನಗೆ ಧೈರ್ಯ ಸಾಲದೆ ಅವರ ಹೆಸರು ಹೇಳಿದೆ. ನೀನು ಅವರ ಜೊತೆ ಎಷ್ಟೋ ದಿನ ಸರಿಯಾಗಿ ಮಾತಾಡಲಿಲ್ಲ. "ಮಗು ಯಾಕೆ ಹೀಗಿದೆ?" ಅಂತ ಅವರು ನನ್ನನ್ನೇ ಕೇಳಿದರು. ಪರೀಕ್ಷೆ ಅಂದೆ. ಈಗ ನನ್ನ ಪ್ರವಾಸಕ್ಕೆ ಕೇಳೋಕೆ ಮೂರು ದಿನ ಮಾತು ಜೋಡಿಸಿಕೊಂಡು ಹೋದರೆ, ಪೇಪರಿನಿಂದ ತಲೆ ಎತ್ತದೆ "ಹೋಗ್ಬಾ, ಅಲ್ಲಿ ಸೆಕೆ, ಸ್ವೆಟರ್ ಬೇಕಾಗಲ್ಲ" ಅಂದರು. ಅಷ್ಟೇ. ಮಲ್ಪೆಗೂ ಅಷ್ಟೇ ಅನ್ನುತ್ತಿದ್ದರೇನೋ.

ಆಮೇಲೆ ನೀನು ಏನನ್ನೂ ಕೇಳಲಿಲ್ಲ. ಹೈದರಾಬಾದಿಗೆ ಕೆಲಸಕ್ಕೆ ಹೋದ ಮೇಲೆ ಎಲ್ಲಿಗೆ ಹೋದರೂ ಬಂದಮೇಲೆ ಹೇಳುತ್ತೀಯ, ಫೋಟೋ ಕಳಿಸುತ್ತೀಯ. ನೀನು ಹೊರಡುವ ಹಿಂದಿನ ರಾತ್ರಿಯ ಸಡಗರ ನನಗೆ ಕೇಳಿಸೋದೇ ಇಲ್ಲ. ಅದನ್ನು ಕಳೆದುಕೊಂಡಿದ್ದು ನನ್ನ ತಪ್ಪಿನಿಂದಲೇ. ಆ ರಾತ್ರಿ ಹ್ಯಾವ್‌ಲಾಕಿನ ರೂಮಿಂದ ನಿನಗೆ ವಿಡಿಯೋ ಕಾಲ್ ಮಾಡಿದ್ದು ಇದನ್ನು ಹೇಳೋಕೆ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಎಳೆದಿದ್ದಾರೆ, ನಿನ್ನ ಮುಖ ಎದುರಿಗೆ ಕೂತ ಹಾಗೆ ಸ್ಪಷ್ಟವಾಗಿತ್ತು. "ಅಮ್ಮ, ಎಷ್ಟು ಚೆನ್ನಾಗಿ ಕಾಣ್ತಿದ್ದೀಯ" ಅಂದೆ ನೀನು. ನನಗೆ ಗಂಟಲು ಕಟ್ಟಿತು, ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ.

ಮೊನ್ನೆ ರಾತ್ರಿ ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದಕ್ಕೇನಾ ಆಗ ಅವಳು ನನ್ನ ಸ್ಕೂಟರ್ ಹತ್ತದೆ ನಡ್ಕೊಂಡು ಬಸ್‌ಸ್ಟಾಂಡಿಗೆ ಹೋಗ್ತಿದ್ದಿದ್ದು" ಅಂದರು. ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದಾರೆ.

ಬ್ಯಾಗು ತೊಳೆದು ಒಣಗಿಸಿ ಇಟ್ಟಿದ್ದೇನೆ. ಮಳೆಗಾಲದಲ್ಲಿ ಮಲ್ಪೆಯಿಂದ ದ್ವೀಪಕ್ಕೆ ಬೋಟು ಬಿಡಲ್ಲ, ಬೇಸಿಗೆ ಮುಗಿಯುವುದರೊಳಗೆ ನಿನ್ನ ಗೆಳತಿಯರನ್ನು ಕರೆದುಕೊಂಡು ಬಾ. ರೂಮು ನಿನ್ನ ಹೆಸರಲ್ಲೇ ಮಾಡಿಸು. ಹೊರಡುವ ಹಿಂದಿನ ರಾತ್ರಿ ಇಲ್ಲಿ ಉಳಿದರೆ ದಾರಿಗೆ ಚಪಾತಿ, ಚಟ್ನಿಪುಡಿ ಕಟ್ಟಿಕೊಡುತ್ತೇನೆ.

ಕಾಗದ ಕೈಸೇರಿದ ದಿನ ಮೊದಲು ಅವರಿಗೊಂದು ಫೋನ್ ಮಾಡು. ಸಂಜೆ ಆರರ ಮೇಲೆ ತೋಟದಿಂದ ಬಂದಿರುತ್ತಾರೆ.

ನಿನ್ನ
ಅಮ್ಮ