ಸಣ್ಣ ರೈತನ ಹೊಲದಿಂದ ಸಂಶೋಧನೆ ಶುರುವಾಗಲಿ

ಮಾನ್ಯರೇ,

ಕೃಷಿ ಸಂಶೋಧನೆಗೆ ಹಣ ಹಂಚುವಾಗ, ಯಾವ ಬೆಳೆಯ ಯಾವ ತೊಂದರೆ ಸಣ್ಣ ಹಿಡುವಳಿದಾರರನ್ನು ಸಾಲಕ್ಕೆ ನೂಕುತ್ತಿದೆ ಎಂಬುದೇ ಮೊದಲ ಅಳತೆಗೋಲಾಗಬೇಕು. ಹಾಸನ ಜಿಲ್ಲೆಯ ಆಲೂಗೆಡ್ಡೆಯನ್ನೇ ನೋಡಿ. ಇಲ್ಲಿ ಹೆಚ್ಚಾಗಿ ಬೆಳೆಯುತ್ತಿರುವುದು 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿ. ಎಲೆ-ಕಾಂಡಗಳನ್ನು ಕೊಳೆಸುವ ಅಂಗಮಾರಿ ರೋಗವನ್ನು ತಡೆಯಲು ಅಂದು ಅದಕ್ಕಿದ್ದ ಶಕ್ತಿ ಈಗ ಕುಂದಿದ್ದು, ಮುಂಗಾರಿನಲ್ಲಿ ನಾಲ್ಕು ದಿನ ಮೋಡ ಕವಿದು ಜಡಿಮಳೆ ಹಿಡಿದರೆ ಎಲೆಯಂಚು ಕಪ್ಪಾಗಿ, ನೋಡನೋಡುತ್ತಿದ್ದಂತೆ ಇಡೀ ಸಾಲು ಬೆಂದ ಸೊಪ್ಪಿನಂತೆ ಕುಸಿಯುತ್ತದೆ. ಬಿತ್ತನೆ ಗೆಡ್ಡೆ ಬರುವುದು ದೂರದ ಪಂಜಾಬಿನ ಜಲಂಧರ್ ಕಡೆಯಿಂದ. ಬೇಸಾಯದ ಖರ್ಚಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಮೂಟೆ ಬಿಚ್ಚಿದಾಗ ಕೊಳೆತ ಗೆಡ್ಡೆ ಸಿಕ್ಕರೆ ಆ ನಷ್ಟವೂ ನಮ್ಮದೇ.

ಬೇರು ಬರಿಸಿದ ಕುಡಿಗಳಿಂದ ಇಲ್ಲಿಯೇ ರೋಗಮುಕ್ತ ಬಿತ್ತನೆ ಪಡೆಯುವ ವಿಧಾನ ಜಿಲ್ಲೆಗೆ ಬಂದಿದೆ, ನಿಜ. ಆದರೆ ನೆರಳುಮನೆ, ಶೀತಲಗೃಹಗಳ ಖರ್ಚು ಒಂದೆರಡು ಎಕರೆಯವರ ಕೈಗೆಟಕುವಂಥದ್ದಲ್ಲ. ಇದಕ್ಕೆ ಹೋಲಿಸಿದರೆ, ಹಿಂದೆ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯೊಂದಿಗೆ ನಮ್ಮ ರಾಗಿಯನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ, ಬೀಜವನ್ನು ರೈತ ತನ್ನ ಕಣದಲ್ಲೇ ಎತ್ತಿಟ್ಟುಕೊಳ್ಳಬಹುದಿತ್ತು. ಬಡವರ ಹೊಲಕ್ಕೂ ಅವು ಇಳಿದದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಆದ್ದರಿಂದ ಸಂಬಂಧಪಟ್ಟ ವಿಶ್ವವಿದ್ಯಾಲಯಗಳು ಮುಂದಿನ ಸಾಲಿನ ಯೋಜನೆ ರೂಪಿಸುವ ಮುನ್ನ ಹೋಬಳಿ ಮಟ್ಟದಲ್ಲಿ ಮಳೆಯಾಶ್ರಿತ ಸಣ್ಣ ರೈತರನ್ನೂ ಕೃಷಿ ಕೂಲಿಯ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಆದ್ಯತೆಯ ಪಟ್ಟಿ ಸಿದ್ಧಪಡಿಸಲಿ. ಅಂಗಮಾರಿ ತಡೆಯುವ ತಳಿಗಳ ಪರೀಕ್ಷೆಯನ್ನು ಸಂಶೋಧನಾ ಕೇಂದ್ರದ ತಾಕಿಗಷ್ಟೇ ಸೀಮಿತಗೊಳಿಸದೆ, ಮುಂಗಾರಿನಲ್ಲಿ ಇಂಥವರ ಹೊಲಗಳಲ್ಲೇ ನಡೆಸಲಿ.

– ಆಲೂಗೆಡ್ಡೆ ಬೆಳೆಗಾರ, ಹಾಸನ ತಾಲ್ಲೂಕು